ಶೆಡ್ಡಿನ ಹಳೆಯ ಕಾರು: ಜೀರ್ಣೋದ್ಧಾರವೋ, ಮಾರ್ಪಾಡೋ?

ಈಚೆಗೆ ಸಂಘದ ಗೋದಾಮಿನ ಮುಂದೆ ಅಡಿಕೆ ಮೂಟೆಗಳ ತೂಕಕ್ಕೆ ಕಾದು ನಿಂತಿದ್ದಾಗ ನಮ್ಮ ಸದಸ್ಯರೊಬ್ಬರು ನಮ್ಮನ್ನು ಬದಿಗೆ ಕರೆದು ಒಂದು ಪ್ರಶ್ನೆ ಹಾಕಿದರು. ಕೊಳೆರೋಗದ್ದಿರಬಹುದು, ಎಲೆಚುಕ್ಕೆ ರೋಗದ್ದಿರಬಹುದು, ಇಲ್ಲವೇ ಸಾಲದ ಬಡ್ಡಿಯ ಲೆಕ್ಕದ್ದಿರಬಹುದು ಎಂದು ನಾವು ಅಂದುಕೊಂಡೆವು. ಅವರು ಕೇಳಿದ್ದು ಕಾರಿನ ವಿಚಾರ. ಅವರ ತಂದೆ ಬಿಟ್ಟುಹೋದ ಎಂ.ಜಿ.ಎ. ಎಂಬ ಎರಡು ಸೀಟಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರೊಂದು ನಲವತ್ತು ವರ್ಷಗಳಿಂದ ಪಲ್ಪರ್ ಮನೆಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲಿನಡಿ ನಿಂತಿದೆಯಂತೆ. ಅದನ್ನು ಮೊದಲಿದ್ದಂತೆಯೇ ಮಾಡಿಸಬೇಕೋ, ಇಂದಿನ ಕಾಲಕ್ಕೆ ತಕ್ಕಂತೆ ಬದಲಾಯಿಸಿ ಓಡಿಸಬೇಕೋ ಎಂಬ ವಿಚಾರದಲ್ಲಿ ಅಣ್ಣತಮ್ಮಂದಿರ ನಡುವೆ ಮಾತು ಕಟ್ಟಿದೆ ಎಂದು ಹೇಳುವಾಗ ಅವರ ದನಿ ಸಣ್ಣಗಾಯಿತು.

ಸಂಘದ ಪತ್ರಿಕೆಯಲ್ಲಿ ಕಾರಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ಸೀಮೆಯ ಶೆಡ್ಡುಗಳಲ್ಲಿ ಹಳೆಯ ಜೀಪು, ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳು ಎಷ್ಟು ನಿಂತಿವೆ ಎಂಬುದು ಸದಸ್ಯರಿಗೆಲ್ಲ ತಿಳಿದ ವಿಷಯ. ಸ್ಪೋರ್ಟ್ಸ್ ಕಾರು ಅಪರೂಪವಾದರೂ ಪ್ರಶ್ನೆ ಎಲ್ಲಕ್ಕೂ ಒಂದೇ. ಈ ಪ್ರಶ್ನೆಯಲ್ಲಿ ಹಣವಿದೆ, ಕಾನೂನಿದೆ, ಮನೆಯೊಳಗಿನ ಸಂಬಂಧವೂ ಇದೆ. ಆದ್ದರಿಂದ ನಮ್ಮ ಅಭಿಪ್ರಾಯವನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಕಾರಿನ ಹಿನ್ನೆಲೆ

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದಲ್ಲಿ ವಿಲಿಯಂ ಮಾರಿಸ್ ಅವರ ಮಾರಾಟ ಮಳಿಗೆಯಾಗಿದ್ದ ಈ ಸಂಸ್ಥೆಯ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ ಎಂಬವರು ಸಾಧಾರಣ ಮಾರಿಸ್ ಕಾರುಗಳ ಮೇಲೆ ಹಗುರವಾದ ಮೈ ಕೂರಿಸಿ ಮಾರಲು ತೊಡಗಿದ್ದೇ ಇದರ ಮೂಲ. ಮುಂದೆ ಆಬಿಂಗ್‌ಡನ್ ಎಂಬ ಊರಿನಲ್ಲಿ ಪ್ರತ್ಯೇಕ ಕಾರ್ಖಾನೆಯಾಯಿತು. ಅದು 1980ರಲ್ಲಿ ಮುಚ್ಚಿತು. ಇಂದು ನಮ್ಮ ರಸ್ತೆಗಳಲ್ಲಿ ಎಂ.ಜಿ. ಹೆಸರಿನಲ್ಲಿ ಓಡುತ್ತಿರುವ ಹೊಸ ಕಾರುಗಳಿಗೂ ಇದಕ್ಕೂ ಹೆಸರು, ಲಾಂಛನ ಬಿಟ್ಟರೆ ಬೇರೆ ನಂಟಿಲ್ಲ.

ಎಂ.ಜಿ.ಎ. ಮಾದರಿ ತಯಾರಾದದ್ದು 1955ರಿಂದ 1962ರವರೆಗೆ, ಒಂದು ಲಕ್ಷಕ್ಕೆ ಸ್ವಲ್ಪ ಮಿಕ್ಕಿ. ಬಹುಪಾಲು ಪರದೇಶಗಳಿಗೇ ಹೋದವು. ನಮ್ಮ ಸದಸ್ಯರ ತಂದೆ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ದೊರೆಗಳು ತೋಟ ಮಾರಿ ವಿಲಾಯಿತಿಗೆ ಹೊರಟಾಗ ಬಾಕಿ ಸಂಬಳದ ಬದಲು ಈ ಕಾರು ಅವರ ಪಾಲಿಗೆ ಬಂತು. ಹೊರಗೆ ಬಾಗಿಲ ಹಿಡಿಯೇ ಇಲ್ಲದ, ಗಾಜಿನ ಕಿಟಕಿಯೂ ಇಲ್ಲದ ಕಾರು. ಒಳಗೆ ಕೈಹಾಕಿ ಎಳೆದರೆ ಬಾಗಿಲು ತೆರೆಯುತ್ತದೆ. ಆಷಾಢದ ಮಳೆಯಲ್ಲಿ ಇಂಥದನ್ನು ಮಲೆನಾಡಿನಲ್ಲಿ ಓಡಿಸಿದರೆಂದರೆ ಅವರ ಉತ್ಸಾಹವನ್ನು ಮೆಚ್ಚಬೇಕು. ಮದುವೆಯಾದ ಹೊಸದರಲ್ಲಿ ಚಿಕ್ಕಮಗಳೂರಿಗೆ ಹೋಗಿ ಬರುವಾಗ ಮಡಿಲಲ್ಲಿದ್ದ ಸೀರೆಯ ಪೊಟ್ಟಣ ನೆನೆದು ಬಣ್ಣ ಬಿಟ್ಟ ಕಥೆಯನ್ನು ಆ ಮನೆಯ ಅಮ್ಮ ಇಂದಿಗೂ ಹೇಳುತ್ತಾರೆ.

ನಮಗೆ ಇದರಲ್ಲಿ ಇನ್ನೊಂದು ಸ್ವಾರಸ್ಯ ಕಂಡಿತು. ಆರಂಭದ ಎಂ.ಜಿ.ಎ. ಎಂಜಿನ್ 1489 ಸಿ.ಸಿ.ಯದು. 1959ರ ಸುಮಾರಿಗೆ ಅಂಬಾಸಿಡರ್ ಕಾರಿಗೆ ಬಂದ ಪೆಟ್ರೋಲ್ ಎಂಜಿನ್ ಕೂಡ 1489 ಸಿ.ಸಿ.ಯದೇ. ಎರಡೂ ಒಂದೇ ಕುಟುಂಬದವು, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸರಣಿಯವು. ಎಂ.ಜಿ.ಗೆ ಎರಡು ಕಾರ್ಬುರೇಟರ್, ಹೆಚ್ಚಿನ ಒತ್ತಡ, ಹೆಚ್ಚಿನ ಶಕ್ತಿ. ಅಂಬಾಸಿಡರಿಗೆ ಕುಟುಂಬಸ್ಥನ ನಡಿಗೆ. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತರೂ ಆ ಎಂಜಿನ್ನಿನ ಸ್ವಭಾವ ಬಲ್ಲ ಮೇಸ್ತ್ರಿಗಳು ನಮ್ಮ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಎಲ್ಲ ಭಾಗಗಳೂ ನೇರವಾಗಿ ಕೂರುವುದಿಲ್ಲ ನಿಜ. ಆದರೆ ಈ ಕಾರಿನ ಎಂಜಿನ್ ಬಿಚ್ಚಲು ಇಂಗ್ಲೆಂಡಿನಿಂದ ಯಾರನ್ನೂ ಕರೆಸಬೇಕಾಗಿಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಇಬ್ಬರ ವಾದ

ಮನೆಯಲ್ಲಿದ್ದು ತೋಟ ನೋಡಿಕೊಳ್ಳುವ ಅಣ್ಣನ ವಾದ ಹೀಗಿದೆ: ಅಪ್ಪಯ್ಯ ಓಡಿಸಿದ ಕಾರು ಅಪ್ಪಯ್ಯ ಓಡಿಸಿದಂತೆಯೇ ಇರಬೇಕು, ಒಂದು ಬೋಲ್ಟೂ ಬದಲಾಗಬಾರದು, ಕಾರ್ಖಾನೆಯಿಂದ ಬಂದ ದಿನದ ಹೊಳಪು ಬರಬೇಕು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತಮ್ಮನ ವಾದ ಬೇರೆ: ಕಾರೆಂದರೆ ಓಡಬೇಕು, ದೇವರ ಮೂರ್ತಿಯಂತೆ ಕೂರಿಸಿ ಪೂಜೆ ಮಾಡಲಿಕ್ಕಲ್ಲ, ಜಪಾನಿನ ಹೊಸ ಎಂಜಿನ್, ಐದು ಗೇರಿನ ಪೆಟ್ಟಿಗೆ, ಅಗಲದ ಟೈರು ಹಾಕಿಸಿದರೆ ವಾರಕ್ಕೊಮ್ಮೆ ಊರಿಗೆ ಅದರಲ್ಲೇ ಬರಬಹುದು. ಮಾತು ಬೆಳೆದಾಗ ಅವರು, "ಅಣ್ಣಯ್ಯ, ಹಣ ಹಾಕುವವನು ನಾನು, ನಿನ್ನದು ಶೆಡ್ಡು ಮಾತ್ರ" ಎಂದುಬಿಟ್ಟರಂತೆ. ಅಣ್ಣನಿಗೆ ನೋವಾದದ್ದು ಈ ಮಾತಿನಿಂದ. ಈ ನಡುವೆ ದಲ್ಲಾಳಿಯೊಬ್ಬರು ಬಂದು ಇದ್ದ ಸ್ಥಿತಿಯಲ್ಲೇ ಕೊಡಿ, ನಾಳೆಯೇ ಲಾರಿ ತರುತ್ತೇವೆ ಎಂದು ಹೇಳಿಹೋಗಿದ್ದಾರೆ.

ಇಬ್ಬರ ವಾದದಲ್ಲೂ ಹುರುಳಿದೆ. ತಮ್ಮನ ಮಾತನ್ನೇ ಮೊದಲು ನೋಡೋಣ. ಎಂ.ಜಿ.ಎ. 1500 ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಸೀಟ್ ಬೆಲ್ಟ್ ಇಲ್ಲ. ದೀಪಕ್ಕೆ ಡೈನಮೋ ಒದಗಿಸುವ ವಿದ್ಯುತ್ತು ಸಾಲದು. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಜೋಡಿಸಿ 12 ವೋಲ್ಟ್ ಮಾಡಿದ್ದಾರೆ. ಅದೂ ಪ್ಲಸ್ ತುದಿಯನ್ನು ಚಾಸಿಗೆ ಕೊಟ್ಟ ಹಳೆಯ ಪದ್ಧತಿ. ಇಂದಿನ ಹೆದ್ದಾರಿಯ ಲಾರಿ ಬಸ್ಸುಗಳ ನಡುವೆ ಇದನ್ನು ಇದ್ದಂತೆಯೇ ಓಡಿಸು ಎಂದು ಯಾರಿಗೂ ಹೇಳಲಾಗದು.

ಅಣ್ಣನ ಮಾತಿಗೂ ಬೆಲೆಯಿದೆ. ಒಮ್ಮೆ ಕತ್ತರಿಸಿದ ತಗಡು ಮತ್ತೆ ಕಾರ್ಖಾನೆಯ ತಗಡಾಗುವುದಿಲ್ಲ. ಆದರೆ ಅವರ ಮಾತಿನಲ್ಲಿರುವ ಒಂದು ತೊಡಕನ್ನು ಅವರು ಗಮನಿಸಿದಂತಿಲ್ಲ. ಕಾರ್ಖಾನೆಯಿಂದ ಬಂದ ದಿನದ ಹೊಳಪು ತರಬೇಕಾದರೆ ಇರುವ ಬಣ್ಣವನ್ನೆಲ್ಲ ಕೆರೆದು ತೆಗೆಯಬೇಕು, ಸೀಟಿನ ಚರ್ಮ ಕಿತ್ತೆಸೆಯಬೇಕು, ಅಪ್ಪಯ್ಯನ ಕೈ ಸವೆಸಿದ ಸ್ಟಿಯರಿಂಗ್ ಚಕ್ರವನ್ನು ಬದಲಿಸಬೇಕು. ಅಷ್ಟಾದ ಮೇಲೆ ಅಲ್ಲಿರುವುದು ಕಾರ್ಖಾನೆಯ ಕಾರೇ ಹೊರತು ಅಪ್ಪಯ್ಯನ ಕಾರಲ್ಲ.

ನಮ್ಮೂರ ದೇವಸ್ಥಾನಗಳ ಜೀರ್ಣೋದ್ಧಾರವನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭಕ್ತಿಯಿಂದಲೇ ಹಣ ಕೂಡಿಸಿ, ಭಕ್ತಿಯಿಂದಲೇ ಹಳೆಯ ಕಲ್ಲುಕಂಬಗಳಿಗೆ ಎನಾಮೆಲ್ ಬಣ್ಣ ಬಳಿದು, ಸವೆದ ಹಾಸುಗಲ್ಲು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸಿರುತ್ತೇವೆ. ಹತ್ತು ವರ್ಷದ ಮೇಲೆ ತಿಳಿದವರೊಬ್ಬರು ಬಂದು ಹಳೆಯ ಹಾಸುಗಲ್ಲು ಎಲ್ಲಿ ಎಂದು ಕೇಳಿದಾಗ ಉತ್ತರವಿರುವುದಿಲ್ಲ. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ವೆನಿಸ್ ನಗರದಲ್ಲಿ ವಿದ್ವಾಂಸರು ಸೇರಿ ಒಂದು ಸನ್ನದು ರಚಿಸಿದರು. ಅದರ ಮಾದರಿಯಲ್ಲಿ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಟ್ಯೂರಿನ್ ಸನ್ನದು ಎಂಬುದನ್ನು ಅಂಗೀಕರಿಸಿದೆ. ಎರಡರ ಸಾರವೂ ಸರಳ: ಉಳಿಸಲು ಸಾಧ್ಯವಿದ್ದಷ್ಟನ್ನು ಉಳಿಸಿ, ಬದಲಿಸಲೇಬೇಕಾದದ್ದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ.

ನಾವು ಮಾಡಿದ ತಪ್ಪು

ಬೇರೆಯವರಿಗೆ ಉಪದೇಶ ಹೇಳುವ ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ನ್ಯಾಯ. 1980ರ ದಶಕದಲ್ಲಿ ನಮ್ಮ ಮನೆಯಲ್ಲೊಂದು ಪೆಟ್ರೋಲ್ ಜೀಪಿತ್ತು. ಪೆಟ್ರೋಲಿನ ಖರ್ಚು ತಡೆಯಲಾರದೆ, ಆ ಕಾಲದಲ್ಲಿ ಮಲೆನಾಡಿನ ಅನೇಕರು ಮಾಡಿದಂತೆ ನಾವೂ ಹತ್ತಿರದ ಪೇಟೆಯ ವರ್ಕ್‌ಶಾಪಿನಲ್ಲಿ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದೆವು. ಬಿಚ್ಚಿದ ಎಂಜಿನ್ ಶೆಡ್ಡಿನಲ್ಲಿ ಜಾಗ ತಿನ್ನುತ್ತದೆಂದು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಬಂದ ಹಣ ಆ ದಿನದ ಸಂತೆಗೆ ಸಾಕಾಯಿತು, ಅಷ್ಟೆ.

ಜೀಪು ಓಡಿತು, ಇಲ್ಲವೆನ್ನುವುದಿಲ್ಲ. ಗೊಬ್ಬರ ಹೊತ್ತಿತು, ಕೂಲಿಯವರನ್ನು ತಂದಿತು, ಬಾಣಂತಿಯನ್ನೂ ಆಸ್ಪತ್ರೆಗೆ ಮುಟ್ಟಿಸಿತು. ಆದರೆ ಡೀಸೆಲ್ಲಿನ ಭಾರಕ್ಕೂ ಅದುರಿಗೂ ಎಂಜಿನ್ ಹೊತ್ತ ಬ್ರಾಕೆಟ್ಟು ಎರಡು ಸಲ ಬಿರುಕು ಬಿಟ್ಟಿತು. ನೋಂದಣಿ ನವೀಕರಣಕ್ಕೆಂದು ಹೋದಾಗ ಪುಸ್ತಕದಲ್ಲಿ ಪೆಟ್ರೋಲು, ಬಾನೆಟ್ಟಿನಡಿ ಡೀಸೆಲ್ಲು! ಆಮೇಲಿನ ಅಲೆದಾಟ ಹೇಳತೀರದು. ಇಂದು ಆ ಜೀಪನ್ನು ಮೊದಲಿನಂತೆ ಮಾಡೋಣವೆಂದರೆ ಅದರದೇ ಎಂಜಿನ್ ಈ ಲೋಕದಲ್ಲೇ ಇಲ್ಲ. ದುಡಿಯುವ ಗಾಡಿಗೆ ಡೀಸೆಲ್ ಹಾಕಿಸಿದ್ದು ಆ ದಿನಕ್ಕೆ ಸರಿಯೇ ಇರಬಹುದು. ಅನುಮತಿಯಿಲ್ಲದೆ ಹಾಕಿಸಿದ್ದು, ಬಿಚ್ಚಿದ್ದನ್ನು ಗುಜರಿಗೆ ಕೊಟ್ಟದ್ದು ಮಾತ್ರ ಶುದ್ಧ ಅವಿವೇಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಎಂಜಿನ್ನಿಗೂ ಅನ್ವಯಿಸುತ್ತದೆ.

ಕಾನೂನು ಏನು ಹೇಳುತ್ತದೆ

ಸ್ಪಾನರ್ ಹಿಡಿಯುವ ಮೊದಲು ಕಾನೂನನ್ನು ತಿಳಿಯಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ನೋಂದಣಿ ಪುಸ್ತಕದ ವಿವರ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲು ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸಬೇಕಾದ ಸಂದರ್ಭ ಬಂದರೆ ನೋಂದಣಿ ಅಧಿಕಾರಿಯ ಅನುಮತಿಯೂ ದಾಖಲೆಯಲ್ಲಿ ನಮೂದೂ ಬೇಕು. ವರ್ಕ್‌ಶಾಪಿನವರು "ಯಾರು ಬಾನೆಟ್ಟು ಎತ್ತಿ ನೋಡುತ್ತಾರೆ" ಎಂದಾರು. ಅಪಘಾತವಾದ ದಿನ ಎಲ್ಲರೂ ಎತ್ತಿ ನೋಡುತ್ತಾರೆ. ವಿಮೆಯವರಂತೂ ಮೊದಲು ನೋಡುತ್ತಾರೆ.

ಇನ್ನೊಂದು ಕಡೆ, 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ಚತುಶ್ಚಕ್ರ ವಾಹನಗಳು ಮೂಲ ರೂಪದಲ್ಲಿದ್ದು, ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಾಗದೆ ಇದ್ದರೆ ಈ ವರ್ಗಕ್ಕೆ ಸೇರುತ್ತವೆ. ನಿಯಮದಲ್ಲಿ ನಿಗದಿಯಾದ ಶುಲ್ಕ ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ಮುಂದೆ ವಿ.ಎ. ಎಂದು ಬರುತ್ತದೆ. ಆದರೆ ಇದರಲ್ಲೊಂದು ಕಟ್ಟುಪಾಡಿದೆ. ಅಂಥ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ.

ಹೀಗಿರುವಲ್ಲಿ ತಮ್ಮನವರು ಹೇಳುವ ಜಪಾನಿನ ಎಂಜಿನ್ ಹಾಕಿಸಿದರೆ ವಿಂಟೇಜ್ ವರ್ಗದ ಬಾಗಿಲು ಮುಚ್ಚುತ್ತದೆ, ಸಾಮಾನ್ಯ ನೋಂದಣಿಯ ಬಾಗಿಲೂ ಇಕ್ಕಟ್ಟಾಗುತ್ತದೆ. ಹಣ ಖರ್ಚಾಗಿ, ಕಾರು ಹೊಳೆಯುತ್ತ, ರಸ್ತೆಗಿಳಿಸಲಾರದೆ ಮತ್ತೆ ಅದೇ ಶೆಡ್ಡಿಗೆ ಬಂದು ನಿಲ್ಲಬೇಕಾದೀತು. ಆದ್ದರಿಂದ ಮೊದಲ ಕೆಲಸ ಆರ್.ಸಿ. ಪುಸ್ತಕ ಹುಡುಕುವುದು, ತಂದೆಯವರ ಹೆಸರಿನಿಂದ ವಾರಸುದಾರರ ಹೆಸರಿಗೆ ವರ್ಗ ಮಾಡಿಸುವುದು, ಚಾಸಿ ನಂಬರು ಎಂಜಿನ್ ನಂಬರುಗಳು ಪುಸ್ತಕಕ್ಕೆ ಹೊಂದುತ್ತವೆಯೇ ಎಂದು ನೋಡುವುದು. ಇಂಗ್ಲೆಂಡಿನ ಗೇಡನ್ ಎಂಬಲ್ಲಿರುವ ಬ್ರಿಟಿಷ್ ಮೋಟಾರ್ ವಸ್ತುಸಂಗ್ರಹಾಲಯಕ್ಕೆ ಚಾಸಿ ನಂಬರು ಬರೆದು ಶುಲ್ಕ ಕಟ್ಟಿದರೆ, ಕಾರ್ಖಾನೆಯ ದಾಖಲೆಯಿಂದ ಕಾರು ತಯಾರಾದ ದಿನಾಂಕ, ಮೂಲ ಬಣ್ಣ ಮೊದಲಾದವನ್ನು ತಿಳಿಸುವ ಪ್ರಮಾಣಪತ್ರ ದೊರೆಯುತ್ತದೆ. ಇದಾವುದಕ್ಕೂ ಒಂದು ಬೋಲ್ಟನ್ನೂ ಸಡಿಲಿಸಬೇಕಾಗಿಲ್ಲ.

ತುಕ್ಕೆಂಬ ಕಾಂಡಕೊರಕ

ನಲವತ್ತು ಮಳೆಗಾಲ ಕಂಡ ಕಾರಿನ ನಿಜವಾದ ಸ್ಥಿತಿ ಹೊರಗಿನಿಂದ ತಿಳಿಯುವುದಿಲ್ಲ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹೊಕ್ಕಂತೆ. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ, ಒಳಗೆ ಕಾಂಡ ಟೊಳ್ಳಾಗಿರುತ್ತದೆ. ಎಂ.ಜಿ.ಎ. ಕಾರಿನ ಬಾನೆಟ್ಟು, ಡಿಕ್ಕಿಯ ಮುಚ್ಚಳ, ಬಾಗಿಲ ಹೊದಿಕೆ ಅಲ್ಯೂಮಿನಿಯಮ್ಮಿನವು. ಅವು ತುಕ್ಕು ಹಿಡಿಯುವುದಿಲ್ಲ. ಉಳಿದದ್ದು ಉಕ್ಕು. ಬಾಗಿಲ ಕೆಳಗಿನ ಹೊಸ್ತಿಲ ಭಾಗ, ಬಾಗಿಲಿನ ಹಿಂದುಮುಂದಿನ ಕಂಬಗಳ ಬುಡ, ಕಾಲಿಡುವ ಹಲಗೆಗಳನ್ನು ಹೊತ್ತ ಚಾಸಿಯ ಅಂಚು, ಇಲ್ಲೆಲ್ಲ ನೀರು ನಿಂತು ತಿಂದಿರುತ್ತದೆ. ಕಾಲಿಡುವ ನೆಲ ಪ್ಲೈವುಡ್ ಹಲಗೆಯದು. ಅದನ್ನು ನಮ್ಮೂರ ಬಡಗಿಯೇ ಅಳತೆ ತೆಗೆದು ಮಾಡಿಕೊಟ್ಟಾನು. ಹೊಸ್ತಿಲು ಮಾತ್ರ ಬಲ್ಲವರ ಕೆಲಸ. ಬಾಗಿಲಿನ ಸಂದು ಅಳೆಯದೆ, ಮೈಗೆ ಆಸರೆ ಕೊಡದೆ ಹೊಸ್ತಿಲನ್ನು ಕತ್ತರಿಸಿದರೆ ಮೈ ಬಾಗಿ ಮುಂದೆ ಬಾಗಿಲು ಎಂದಿಗೂ ಸರಿಯಾಗಿ ಕೂರುವುದಿಲ್ಲ.

ಇಂಥ ದುರಸ್ತಿಯನ್ನು ನಾವು ಮಾರ್ಪಾಡೆನ್ನುವುದಿಲ್ಲ. ಕೊಳೆತ ಉಕ್ಕನ್ನು ತೆಗೆದು ಅದೇ ಆಕಾರದ ಉಕ್ಕು ಕೂರಿಸುವುದು, ಸತ್ತ ಗಿಡದ ಜಾಗದಲ್ಲಿ ಅದೇ ತಳಿಯ ಸಸಿ ನೆಟ್ಟಂತೆ. ಈ ಕಾರಿನ ಬಿಡಿಭಾಗಗಳನ್ನು ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಸಾಗಣೆ, ಸುಂಕ ಸೇರಿ ದುಬಾರಿಯಾಗುತ್ತದೆ. ಆದರೆ ಸಿಗುವುದೇ ಇಲ್ಲ ಎನ್ನುವಂತಿಲ್ಲ.

ನಮ್ಮ ಅಭಿಪ್ರಾಯ

ನಾವು ಹೇಳುವುದು ಇಷ್ಟು. ಮೊದಲಿನಂತೆಯೋ ಹೊಸದರಂತೆಯೋ ಎಂದು ಜಗಳವಾಡುವ ಬದಲು, ಮಾಡಲಿರುವ ಒಂದೊಂದು ಕೆಲಸದ ಮುಂದೆಯೂ, ನಾಳೆ ಮನಸ್ಸು ಬದಲಾದರೆ ಇದನ್ನು ಹಿಂದಕ್ಕೆ ತರಬಹುದೇ ಎಂದು ಕೇಳಿಕೊಳ್ಳಬೇಕು. ತೋಟದಲ್ಲಿ ನಾವು ಮಾಡುವುದೂ ಇದನ್ನೇ. ಹಳೆಯ ರೊಬಸ್ಟಾ ಗಿಡದ ಬುಡ ಗಟ್ಟಿಯಿದ್ದರೆ ಕಾಂಡ ಕತ್ತರಿಸಿ ಚಿಗುರಿಸುತ್ತೇವೆ, ಬೇಕಾದರೆ ಹೊಸ ತಳಿಯ ಕಸಿ ಕಟ್ಟುತ್ತೇವೆ. ಬುಡವನ್ನೇ ಕೀಳುವುದು ಕೊನೆಯ ಮಾತು. ಮರಗಸಿಯಲ್ಲಿ ಕೊಂಬೆ ಹೆಚ್ಚು ಕಡಿದರೆ ಮತ್ತೆ ಚಿಗುರುತ್ತದೆ, ಮರವನ್ನೇ ಉರುಳಿಸಿದರೆ ನೆರಳಿಗೆ ಇಪ್ಪತ್ತು ವರ್ಷ ಕಾಯಬೇಕು.

ಈ ಕಾರಿನ ಮಟ್ಟಿಗೆ ಕೆಳಗಿನವನ್ನು ಮಾಡಿದರೆ ತಪ್ಪಿಲ್ಲ, ಮಾಡುವುದೇ ಲೇಸು. ಬ್ರೇಕಿನ ರಬ್ಬರು, ಪೈಪು, ಸಿಲಿಂಡರುಗಳನ್ನೆಲ್ಲ ಹೊಸದು ಮಾಡಬೇಕು. ಟೈರು ನೋಡಲು ಚೆನ್ನಾಗಿದ್ದರೂ ವಯಸ್ಸಾಗಿದ್ದರೆ ತೆಗೆದುಹಾಕಬೇಕು. ಇಲಿ ಕಡಿದ ವೈರುಗಳಿಗೆ ಟೇಪು ಸುತ್ತದೆ ಪೂರ್ತಿ ಹೊಸ ವೈರಿಂಗ್ ಹಾಕಿಸಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ ನೂರಕ್ಕೆ 20ರವರೆಗೆ ಎಥೆನಾಲ್ ಬೆರೆಸಿರುತ್ತಾರೆ. ಅದು ಹಳೆಯ ರಬ್ಬರನ್ನು ತಿನ್ನುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಇಂಧನದ ಪೈಪುಗಳನ್ನೂ ಕಾರ್ಬುರೇಟರಿನ ಸೀಲುಗಳನ್ನೂ ಎಥೆನಾಲ್ ತಡೆಯುವಂಥವನ್ನಾಗಿ ಬದಲಿಸಬೇಕು, ತಿಂಗಳುಗಟ್ಟಲೆ ಪೆಟ್ರೋಲು ತುಂಬಿಸಿ ನಿಲ್ಲಿಸಬಾರದು. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು 2000ದಲ್ಲೇ ನಿಂತಿತು. ಹಳೆಯ ಬೀಡಿನ ಹೆಡ್ಡಿನ ವಾಲ್ವ್ ಸೀಟುಗಳಿಗೆ ಆ ಸೀಸವೇ ರಕ್ಷಣೆಯಾಗಿತ್ತು. ಹೇಗೂ ಹೆಡ್ಡು ಬಿಚ್ಚಿದಾಗ ಗಟ್ಟಿ ಲೋಹದ ಸೀಟುಗಳನ್ನು ಕೂರಿಸಿದರೆ ಹೊರಗೆ ಏನೂ ಕಾಣದು, ಎಂಜಿನ್ನಿಗೂ ಬಾಳಿಕೆ ಬರುತ್ತದೆ. ಡೈನಮೋ ಬದಲು ಆಲ್ಟರ್ನೇಟರ್ ಹಾಕಿ ಹಳೆಯದನ್ನು ಎತ್ತಿಡಬಹುದು. ಮುಂಚಕ್ರಕ್ಕೆ ಡಿಸ್ಕ್ ಬ್ರೇಕ್ ಬೇಕೆಂದರೆ, ಇದೇ ಮಾದರಿಗೆ 1959ರಿಂದ ಕಾರ್ಖಾನೆಯೇ ಅದನ್ನು ಕೊಟ್ಟಿತ್ತು. ಆ ಭಾಗಗಳನ್ನೇ ಹುಡುಕಬೇಕು, ಕೂರಿಸುವ ಮುನ್ನ ನೋಂದಣಿ ಕಚೇರಿಯಲ್ಲಿ ವಿಚಾರಿಸಬೇಕು. ಸೀಟ್ ಬೆಲ್ಟನ್ನು ತೆಳು ತಗಡಿಗೆ ಬಿಗಿಯದೆ, ಗಟ್ಟಿ ಆಧಾರ ನೋಡಿ ಹಾಕಿಸಬೇಕು.

ಮಾಡಬಾರದವು ಇವು. ಅಗಲದ ಟೈರಿಗಾಗಿ ಮಡ್‌ಗಾರ್ಡ್ ಕತ್ತರಿಸಬಾರದು. ಗೇರುಪೆಟ್ಟಿಗೆಗಾಗಿ ಚಾಸಿಗೆ ಗರಗಸ ಹಾಕಬಾರದು. ಹಳೆಯ ಮೀಟರುಗಳ ಜಾಗದಲ್ಲಿ ಬೇರೆ ತೂತು ಕೊರೆಯಬಾರದು. ನಂಬರಿನ ತಗಡುಗಳನ್ನು ಮುಟ್ಟಬಾರದು. ಬಿಚ್ಚಿದ ಯಾವ ಭಾಗವನ್ನೂ, ಅದು ಮುರಿದಿದ್ದರೂ, ಗುಜರಿಗೆ ಹಾಕಬಾರದು. ಚೀಟಿ ಕಟ್ಟಿ ಅಟ್ಟಕ್ಕೆ ಹಾಕಿ, ಅಟ್ಟಕ್ಕೇನೂ ಬಾಡಿಗೆಯಿಲ್ಲ.

ಬಣ್ಣದ ವಿಚಾರದಲ್ಲಿ ಅಣ್ಣನವರಿಗೆ ನಮ್ಮ ವಿನಂತಿ: ಅವಸರ ಬೇಡ. ಮೊದಲು ತೊಳೆದು, ಮೇಣ ಹಾಕಿ ತಿಕ್ಕಿ ನೋಡಿ. ತುಕ್ಕು ತಿಂದ ಜಾಗಕ್ಕಷ್ಟೇ ಬಣ್ಣ ಕೊಡಿಸಿ. ಮಾಸಿದರೂ ಆ ಬಣ್ಣ ನಿಮ್ಮ ಅಪ್ಪಯ್ಯ ಕಂಡದ್ದು.

ಹಾಗಾದರೆ ಮಾರ್ಪಾಡೆಂಬುದೇ ತಪ್ಪೇ? ಹಾಗೆ ನಾವು ಹೇಳುವುದಿಲ್ಲ. ಎಂಜಿನ್ ಎಂದೋ ಕಳೆದುಹೋದ, ಮೈ ಅರ್ಧ ಕರಗಿದ, ಹಿಂದೆಯೇ ಯಾರೋ ಕತ್ತರಿಸಿ ಹಾಳುಮಾಡಿದ ಕಾರುಗಳುಂಟು. ಅಂಥದಕ್ಕೆ ಇದೇ ಕುಟುಂಬದ ಅಂಬಾಸಿಡರ್ ಎಂಜಿನ್ ಕೂರಿಸಿ, ಅನುಮತಿ ಪಡೆದು, ಇದು ಬದಲಾದ ಕಾರು ಎಂದು ಹೇಳಿಯೇ ಓಡಿಸಿದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಬದಲಿಸಿ ಮೂಲವೆಂದು ಹೇಳಿ ಮಾರುವುದು ಮೋಸ. ಚೆರಿ ಕಾಫಿಯನ್ನು ಪಾರ್ಚ್‌ಮೆಂಟ್ ಎಂದು ಮಾರಿದಂತೆ. ಆದರೆ ನಮ್ಮ ಸದಸ್ಯರ ಕಾರು ಹಾಗಿಲ್ಲ. ಅದರ ಎಂಜಿನ್ ಅದರಲ್ಲೇ ಇದೆ, ಮೀಟರುಗಳಿವೆ, ಜಾಕು ಸಹ ಡಿಕ್ಕಿಯಲ್ಲಿದೆ. ಇಷ್ಟು ಪೂರ್ಣವಾಗಿ ಉಳಿದದ್ದನ್ನು ಒಡೆಯುವ ಹಕ್ಕು ಯಾರಿಗಿದ್ದರೂ ಅಗತ್ಯ ಯಾರಿಗೂ ಇಲ್ಲ. ಸಲೀಸಾಗಿ ಓಡುವ ಕಾರೇ ಬೇಕಾದರೆ ತಮ್ಮನವರು ಆ ಹಣಕ್ಕೆ ಒಂದು ಒಳ್ಳೆಯ ಕಾರು ಕೊಳ್ಳಬಹುದು. ಅದು ಹೆಚ್ಚು ಸುಖವಾಗಿಯೂ ಇರುತ್ತದೆ, ಮಳೆಯಲ್ಲಿ ನೆನೆಯುವುದೂ ಇಲ್ಲ.

ಹಣದ ಮಾತು

ಖರ್ಚು ಎಷ್ಟಾದೀತು ಎಂದು ಅವರು ಕೇಳಿದರು. ನಾವು ಅಂಕಿ ಹೇಳಲಿಲ್ಲ. ಬಿಚ್ಚುವ ಮೊದಲು ಅಂಕಿ ಹೇಳುವ ಮೇಸ್ತ್ರಿಯನ್ನು ನಂಬಬೇಡಿ ಎಂದಷ್ಟೇ ಹೇಳಿದೆವು. ಇಂಥ ಕೆಲಸಗಳಲ್ಲಿ ಕಾರುಗಳು ಹಾಳಾಗುವುದು ತುಕ್ಕಿನಿಂದಲ್ಲ, ಅರ್ಧಕ್ಕೆ ನಿಂತ ಕೆಲಸದಿಂದ. ಉತ್ಸಾಹದಲ್ಲಿ ಎಲ್ಲವನ್ನೂ ಬಿಚ್ಚಿ ಡಬ್ಬಗಳಿಗೆ ತುಂಬುತ್ತಾರೆ, ಹಣ ಮುಗಿಯುತ್ತದೆ, ಮೇಸ್ತ್ರಿ ಬೇರೆ ಊರಿಗೆ ಹೋಗುತ್ತಾನೆ, ಯಾವ ಬೋಲ್ಟು ಎಲ್ಲಿಯದೆಂದು ತಿಳಿದವರೇ ಇರುವುದಿಲ್ಲ. ಪೂರ್ತಿ ಕಾರು ಟಾರ್ಪಾಲಿನಡಿ ಇನ್ನೂ ಹತ್ತು ವರ್ಷ ಇರಬಲ್ಲದು, ಬಿಚ್ಚಿದ ಕಾರು ಇರಲಾರದು. ಆದ್ದರಿಂದ ಒಂದು ವರ್ಷಕ್ಕೆ ಒಂದು ಕೆಲಸ. ಮೊದಲ ವರ್ಷ ಕಾಗದಪತ್ರ ಮತ್ತು ಸೋರದ ಸೂರು, ಎರಡನೆಯ ವರ್ಷ ಬ್ರೇಕು, ಆಮೇಲೆ ಎಂಜಿನ್. ಎಂಜಿನ್ನನ್ನು ಇಂದೇ ಬ್ಯಾಟರಿ ಹಾಕಿ ತಿರುಗಿಸಿ ನೋಡುವ ಆಸೆಯನ್ನು ಅದುಮಿಕೊಳ್ಳಬೇಕು. ಪ್ಲಗ್ಗು ತೆಗೆದು ಸಿಲಿಂಡರಿಗೆ ಎಣ್ಣೆ ಬಿಟ್ಟು ಕೆಲವು ದಿನ ಕಾದು ಕೈಯಿಂದಲೇ ಮೆಲ್ಲಗೆ ತಿರುಗಿಸಬೇಕು.

ಸಂಘದ ಪತ್ರಿಕೆಯಾಗಿ ಇನ್ನೊಂದು ಮಾತನ್ನು ಹೇಳದೆ ಬಿಡಲಾರೆವು. ಬೆಳೆಸಾಲದ ಹಣ ಕಾರಿನ ಶೆಡ್ಡಿಗೆ ಹೋಗಬಾರದು. ಒಂದೆರಡು ವರ್ಷ ಕಾಫಿಗೆ ಒಳ್ಳೆಯ ಬೆಲೆ ಬಂದೊಡನೆ ಕೈ ಸಡಿಲವಾಗುವುದು ಸಹಜ. ಎಲೆಚುಕ್ಕೆ ರೋಗ ಬಂದ ಅಡಿಕೆ ತೋಟಗಳ ಸ್ಥಿತಿ ನೋಡಿದವರು ಒಳ್ಳೆಯ ವರ್ಷದ ಹಣವನ್ನು ಕೆಟ್ಟ ವರ್ಷಕ್ಕೆ ಎತ್ತಿಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಎರಡು ಸೀಟಿನ ಕಾರಿಗೂ ಸಲ್ಲುತ್ತದೆ. ಕೈಲಾಗದಿದ್ದರೆ ಬಿಚ್ಚದೆ, ಒಣಗಿದ ಜಾಗದಲ್ಲಿ, ಟೈರಿನ ಮೇಲೆ ಭಾರ ಬೀಳದಂತೆ ಕಟ್ಟೆ ಕೊಟ್ಟು ನಿಲ್ಲಿಸಿ. ಮುಂದೆ ಕೈಲಾಗುವವರು ಮನೆಯಲ್ಲೇ ಹುಟ್ಟಿಯಾರು. ಮಾರಲೇಬೇಕೆಂದರೆ, ನಾಳೆಯೇ ಲಾರಿ ತರುತ್ತೇನೆನ್ನುವ ದಲ್ಲಾಳಿಗೆ ಕೊಡದೆ, ಇಂಥವನ್ನು ಉಳಿಸುವವರನ್ನು ಹುಡುಕಿ ಕೊಡಿ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಕಾರುಗಳ ಸಂಗ್ರಹಾಲಯವನ್ನು ಒಮ್ಮೆ ನಿಂತು ನೋಡಿ. ಒಂದು ಕಾಲದಲ್ಲಿ ಅವೂ ಯಾರದೋ ಶೆಡ್ಡಿನಲ್ಲಿದ್ದ ಹಳೆಯ ಕಾರುಗಳೇ.

ಈ ಲೇಖನ ಬರೆಯುವ ಮುನ್ನ ನಾವು ಆ ಮನೆಗೆ ಹೋಗಿದ್ದೆವು. ಅಣ್ಣತಮ್ಮಂದಿರಿಬ್ಬರೂ ಇದ್ದರು. ಟಾರ್ಪಾಲು ಸರಿಸಿದಾಗ ಸೀಟಿನ ಹಿಂದೆ ಇಲಿಯ ಗೂಡು, ಡ್ಯಾಶಿನ ಮೂಲೆಯಲ್ಲಿ ಎಸ್ಟೇಟಿನ ಹಳೆಯ ಪೆಟ್ರೋಲ್ ಚೀಟಿಯೊಂದು ಸಿಕ್ಕವು. ಚೀಟಿಯ ಮೇಲೆ ತಂದೆಯವರ ಕೈಬರಹವಿತ್ತು. ತಮ್ಮನವರು ಅದನ್ನು ಓದಿ ಏನೂ ಮಾತಾಡದೆ ಅಣ್ಣನ ಕೈಗೆ ಕೊಟ್ಟರು. ಕಾಫಿ ಕುಡಿಯುವಾಗ, ಆರ್.ಸಿ. ಪುಸ್ತಕದ ಕೆಲಸವನ್ನು ತಾವು ಬೆಂಗಳೂರಿನಿಂದಲೇ ನೋಡಿಕೊಳ್ಳುವುದಾಗಿಯೂ, ಬ್ರೇಕಿನ ಭಾಗ ತರಿಸುವುದಾಗಿಯೂ ಹೇಳಿದರು. ಜಪಾನಿನ ಎಂಜಿನ್ನಿನ ಮಾತು ಆ ದಿನ ಬರಲಿಲ್ಲ. ಮುಂದೆ ಬಂದರೂ ಬರಬಹುದು. ಅದು ಅವರ ಮನೆಯ ವಿಚಾರ.

ಸದಸ್ಯ ಬಾಂಧವರಲ್ಲಿ ಒಂದು ಕೋರಿಕೆ. ತಮ್ಮ ಅಟ್ಟಗಳಲ್ಲಿ, ಶೆಡ್ಡುಗಳಲ್ಲಿ ಹಳೆಯ ವಾಹನಗಳ ಬಿಡಿಭಾಗಗಳೋ, ಕೈಪಿಡಿಗಳೋ, ಅಳತೆಯ ಹಳೆಯ ಸ್ಪಾನರುಗಳೋ ಇದ್ದರೆ ಗುಜರಿಗೆ ಹಾಕುವ ಮೊದಲು ಸಂಘದ ಕಚೇರಿಗೆ ಒಂದು ಮಾತು ತಿಳಿಸಿರಿ. ಬೇಕಾದವರು ಪಕ್ಕದ ಊರಿನಲ್ಲೇ ಇರಬಹುದು. ನಮ್ಮ ಜೀಪಿನ ಎಂಜಿನ್ನನ್ನು ಗುಜರಿಗೆ ಕೊಟ್ಟ ದಿನ ಯಾರಾದರೂ ನಮಗೆ ಈ ಮಾತು ಹೇಳಿದ್ದರೆ ಚೆನ್ನಾಗಿತ್ತು.